ಬಚ್ಚಲ ಬಾಗಿಲಿನ ನಕ್ಷಿ

ನನ್ನ ಫ್ಲ್ಯಾಟಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಮರ ಇರುವುದು ಬಚ್ಚಲಮನೆಯ ಬಾಗಿಲಿನಲ್ಲಿ. ಮುಂಬಾಗಿಲು ಬಿಲ್ಡರ್ ಹಾಕಿಕೊಟ್ಟದ್ದೇ ಇದೆ. ಮಳೆಗಾಲದಲ್ಲಿ ಉಬ್ಬಿ ನೆಲಕ್ಕೆ ಉಜ್ಜುತ್ತದೆ, ಉಜ್ಜಲಿ. ಬಚ್ಚಲಕ್ಕೆ ಮಾತ್ರ ಸಾಗವಾನಿಯೇ ಬೇಕೆಂದು ನಾನು ಹಟ ಹಿಡಿದಾಗ ಬಡಿಗೇರ ನಕ್ಕುಬಿಟ್ಟ.

"ಬಾಯಾರ, ಬಾಥರೂಮಿಗೆ ಈಗ ಯಾರೂ ಕಟ್ಟಿಗಿ ಹಾಕಸಂಗಿಲ್ರಿ. ಫೈಬರ್ ಹಾಕಸ್ರಿ. ನೀರ ಹತ್ತಂಗಿಲ್ಲ, ಹುಳ ಹತ್ತಂಗಿಲ್ಲ."

"ಹುಳದ ಸುದ್ದಿ ನನಗ ಹೇಳಬ್ಯಾಡಪಾ," ಅಂದೆ. "ಹುಳದ ಮನ್ಯಾಗ ಬೆಳದಾಕಿ ನಾ."

ಅವನಿಗೇನು ತಿಳಿಯಬೇಕು! ನನ್ನ ಗಂಡನಿಗೇ ಇನ್ನೂ ಪೂರ್ತಿ ತಿಳಿದಿಲ್ಲ. ಊರ ಹೊರಗಿನ ಕೈಗಾರಿಕಾ ವಸಾಹತು ಚಿಂಚೋಳಿ ಎಂಐಡಿಸಿಯ ಗೋದಾಮಿನಲ್ಲಿ ಕೆಲಸ ಮಾಡುವ ಆತ ಒಮ್ಮೆ, ಸಾಮಾನಿನ ಕೆಳಗೆ ಹಾಕಿ ಬಂದ ಕಟ್ಟಿಗೆಯ ಚೌಕಟ್ಟೊಂದು ಪುಕ್ಕಟೆ ಸಿಕ್ಕಿತೆಂದು ಸ್ಕೂಟರಿಗೆ ಕಟ್ಟಿಕೊಂಡು ಬಂದ. ಹೂವಿನ ಕುಂಡ ಇಡಲು ಆದೀತು ಎಂದು ಅವನ ಲೆಕ್ಕ. ಅದರ ಒಂದು ಪಟ್ಟಿಯ ಮೇಲೆ ಹುಳ ಓಡಾಡಿದ ಗೆರೆ ಕಂಡಿತು. ಚೌಕಟ್ಟು ಬಂದ ದಾರಿಯಲ್ಲೇ ವಾಪಸ್ಸು ಹೋಯಿತು. ಕುಂಡಗಳು ಇಂದಿಗೂ ನೆಲದ ಮೇಲೆಯೇ ಇವೆ. ಮೊನ್ನೆ ನಾದಿನಿಯ ಮಗಳು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಹುಳ ಕೊರೆದ ಹಲಗೆಯೊಂದಕ್ಕೆ ಪಾಲಿಶ್ ಹೊಡೆದು ಯಾರೋ ಗೋಡೆಗೆ ತೂಗುಹಾಕಿದ್ದರು. "ಕಿತಿ ಸುಂದರ ನಾ, ಮಾಮಿ!" ಎಂದಳು, ಎಷ್ಟು ಚಂದ ಅಲ್ಲವೇ ಎಂದು. ಚಂದವಂತೆ. ಹೇಳಹೊರಟರೆ ಸಿಟ್ಟೇ ಮೊದಲು ಹೊರಗೆ ಬರುತ್ತದೆಂದು ಗೊತ್ತಿದ್ದರಿಂದ ಸುಮ್ಮನೆ ಚಹಾ ಮಾಡಲು ಎದ್ದೆ.

ನಮ್ಮ ಅಪ್ಪನದು ಸೊಲ್ಲಾಪುರದಲ್ಲಿ ಕಟ್ಟಿಗೆಯ ವಖಾರಿ. ರಸ್ತೆಯ ಕಡೆಗೆ ಗಾದಿ ಹಾಸಿದ ಅಂಗಡಿ, ಅದರ ಹಿಂದೆ ದಿಮ್ಮಿ, ತೊಲೆ, ಹಲಗೆ ಒಟ್ಟಿದ ಬಯಲು, ಆ ಬಯಲಿನ ಮಗ್ಗುಲಿಗೆ ನಮ್ಮ ಮನೆ. ವಖಾರಿಗೂ ಮನೆಗೂ ನಡುವೆ ಗೋಡೆ ಇರಲಿಲ್ಲ, ಅಪ್ಪನ ಒಂದು ನೇಮ ಇತ್ತು: ಗಟ್ಟಿ ಮಾಲು ಗಿರಾಕಿಗೆ, ಹುಳ ಹತ್ತಿದ್ದು ಮನೆಗೆ. ಹುಳ ಹತ್ತಿದ ಕಟ್ಟಿಗೆಯನ್ನು ಅವನು ಸತ್ತರೂ ಮಾರುತ್ತಿರಲಿಲ್ಲ, ಅದು ಅವನ ಮರ್ಯಾದೆಯ ಪ್ರಶ್ನೆ. ಹಾಗೆಂದು ಒಲೆಗೆ ಹಾಕಲೂ ಜೀವ ಒಪ್ಪದು. ಅದು ನಮ್ಮ ಮನೆಗೆ ಬರುತ್ತಿತ್ತು. ನಮ್ಮ ಮಂಚ, ಕಪಾಟು, ಅಟ್ಟದ ಏಣಿ, ಕೂತು ಉಣ್ಣುವ ಮಣೆ, ದೇವರ ಮಂಟಪ, ಎಲ್ಲಕ್ಕೂ ಹುಳ. ನಾನು ಮಲಗಿ ಬೆಳೆದ ತೊಟ್ಟಿಲಿಗೂ ಹುಳ ಹತ್ತಿತ್ತಂತೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಗಾದೆ ಮಾಡಿದವರು ನಮ್ಮ ವಖಾರಿಗೆ ಬಂದು ಹೋಗಿದ್ದಿರಬೇಕು.

ಬೆಳಗಾದರೆ ಪ್ರತಿ ತೊಲೆಯ ಕೆಳಗೆ ಒಂದೊಂದು ಸಣ್ಣ ಗುಡ್ಡೆ ಪುಡಿ ಬಿದ್ದಿರುತ್ತಿತ್ತು. ಜೋಳದ ಹಿಟ್ಟಿನದೇ ಬಣ್ಣ, ಜೋಳದ ಹಿಟ್ಟಿನಷ್ಟೇ ನುಣುಪು. ಅವ್ವ ರೊಟ್ಟಿ ಬಡಿಯಲು ಕೂತಾಗ ತಲೆಯ ಮೇಲಿನ ತೊಲೆಯಿಂದ ಅದು ಉದುರುತ್ತಿತ್ತು. ಪರಾತದಲ್ಲಿ ಹಿಟ್ಟು ಯಾವುದು, ಕಟ್ಟಿಗೆಯ ಪುಡಿ ಯಾವುದು ಎಂದು ಬೇರೆ ಮಾಡಲು ದೇವರಿಂದಲೂ ಆಗದು. ಶೇಂಗಾ ಚಟ್ನಿಯ ಡಬ್ಬಿಗೆ ಎರಡು ಮುಚ್ಚಳ, ಹಾಲಿನ ಪಾತೇಲಿಗೆ ಬಟ್ಟೆ, ಅದರ ಮೇಲೆ ತಾಟು. ಕಡಕ್ ರೊಟ್ಟಿಯ ಒಟ್ಟಿಗೆ ಅವ್ವ ಹಳೆಯ ಸೀರೆಯ ತುಂಡು ಸುತ್ತಿಡುತ್ತಿದ್ದಳು. ಅಷ್ಟಾಗಿಯೂ ಊಟದ ನಡುವೆ ಅಪ್ಪನ ಹಲ್ಲಿಗೆ ಏನಾದರೂ ಕರಕ್ ಎಂದರೆ, "ಏನ ಅಡಿಗಿ ಮಾಡ್ತೀ, ಮ್ಯಾಲ ಮುಚ್ಚಾಕ ಬರಂಗಿಲ್ಲೇನು?" ಎಂದು ಅವಳಿಗೇ ಬೈಗುಳ. ತೊಲೆಯ ತಪ್ಪು ತೊಲೆಗೆ ಎಂದೂ ತಟ್ಟಲಿಲ್ಲ.

ಇದರಲ್ಲಿ ನನ್ನನ್ನು ಎಲ್ಲಕ್ಕಿಂತ ಕೆಣಕುತ್ತಿದ್ದದ್ದು, ಅಪ್ಪನಿಗೆ ಹುಳದ ವಿಷಯ ಅಷ್ಟೊಂದು ಗೊತ್ತಿತ್ತೆಂಬುದು. ಗೆಣ್ಣಿನಿಂದ ಹಲಗೆಯನ್ನು ಬಡಿದು, ಕಿವಿ ಹಚ್ಚಿ, ಒಳಗೆ ಪೊಳ್ಳು ಇದೆಯೇ ಗಟ್ಟಿ ಇದೆಯೇ ಎಂದು ಹೇಳುತ್ತಿದ್ದ. ಬೆಳದಿಂಗಳ ಪಕ್ಷದಲ್ಲಿ ಕಡಿದ ಮರಕ್ಕೆ ಹುಳ ಬೇಗ ಹತ್ತುತ್ತದೆ, ಅಮಾವಾಸ್ಯೆಯ ಕಡೆಗೆ ಕಡಿಯಬೇಕು ಎಂದು ರೈತರಿಗೆ ಪಾಠ ಹೇಳುತ್ತಿದ್ದ. ಗಿರಾಕಿಯ ಜಾಲಿಯ ದಿಮ್ಮಿಗಳನ್ನು ತಿಂಗಳುಗಟ್ಟಲೆ ಹೊಂಡದ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ನೆರಳಿನಲ್ಲಿ ಒಣಗಿಸುತ್ತಿದ್ದ. ದಿಮ್ಮಿಯ ತೊಗಟೆ ಸುಲಿದು ಕೆಳಗಿನ ಗೆರೆ ನೋಡಿದರೆ ಸಾಕು, ಯಾವ ಹುಳ, ಎಷ್ಟು ಆಳ ಹೋಗಿದೆ, ಎಲ್ಲ ಹೇಳಿಬಿಡುತ್ತಿದ್ದ. ಒಂದು ನಡುಗೆರೆಯಿಂದ ಎರಡೂ ಕಡೆ ಸಣ್ಣ ಗೆರೆಗಳು ಹೊರಟಿದ್ದರೆ ತಾಯಿ ಹುಳ ನಡುವೆ ನಡೆದು ತತ್ತಿ ಇಟ್ಟದ್ದು, ಮರಿಗಳು ತಮ್ಮ ತಮ್ಮ ದಾರಿ ತಿಂದುಕೊಂಡು ಹೋದದ್ದು; ಅದು ಮೇಲ್ಮೇಲಿನದು, ಕೆತ್ತಿದರೆ ಹೋಗುತ್ತದೆ. ಗುಂಡುಸೂಜಿಯ ತಲೆಯಷ್ಟು ತೂತು ಬಿದ್ದು ಪುಡಿ ಉದುರುತ್ತಿದ್ದರೆ ಅದು ಒಳಗೇ ಕೂತಿದೆ, ಆ ಕಟ್ಟಿಗೆಯ ಕಥೆ ಮುಗಿಯಿತು. ಇಷ್ಟೆಲ್ಲ ತಿಳಿದ ಮನುಷ್ಯ ಕಥೆ ಮುಗಿದ ಕಟ್ಟಿಗೆಯನ್ನೇ ತಂದು ನಮ್ಮ ಮನೆಯಲ್ಲಿ ನಿಲ್ಲಿಸುತ್ತಿದ್ದ. ಅವ್ವ ಏನಾದರೂ ಅಂದರೆ ಅವನದು ಒಂದೇ ಉತ್ತರ.

"ನಕ್ಷಿ ನೋಡ ಅದರ ಮ್ಯಾಲಿಂದು! ಯಾವ ಕಾರಾಗೀರ ತಗೀತಾನ ಇಂಥಾ ನಕ್ಷಿ? ರೊಕ್ಕಾ ಕೊಟ್ರೂ ಸಿಗಂಗಿಲ್ಲ."

ಸಣ್ಣವಳಿದ್ದಾಗ ನಾನೂ ಆ ನಕ್ಷಿಗೆ ಮರುಳಾಗಿದ್ದೆ, ಸುಳ್ಳು ಯಾಕೆ ಹೇಳಲಿ. ಬಚ್ಚಲ ಬಾಗಿಲಿನ ಒಳಮೈ ಪೂರ್ತಿ ಗೆರೆಗಳು. ಬಿಸಿನೀರಿನ ಹಂಡೆಯ ಪಕ್ಕದ ಕಲ್ಲಿನ ಮೇಲೆ ಕೂತು, ಅವ್ವ ಬೆನ್ನು ತಿಕ್ಕುವಾಗ, ನಾನು ಒದ್ದೆ ಬೆರಳಿನಿಂದ ಆ ಗೆರೆಗಳ ಮೇಲೆ ಹೋಗುತ್ತಿದ್ದೆ. ಭೂಗೋಳದಲ್ಲಿ ಭೀಮಾ ನದಿಯ ಪಾಠ ಬಂದಾಗ ಒಂದು ದೊಡ್ಡ ಗೆರೆಗೆ ಭೀಮಾ ಎಂದು ಹೆಸರಿಟ್ಟೆ, ಅದಕ್ಕೆ ಬಂದು ಕೂಡುವ ಗೆರೆ ಸೀನಾ, ಕೆಳಗಿನದು ಅಕ್ಕಲಕೋಟದ ಬೋರಿ. ಅಲ್ಲಲ್ಲಿ ಬಿದ್ದ ತೂತುಗಳು ಊರುಗಳು. ಮುಂಜಾನೆಯ ಬಿಸಿಲು ಆ ಊರುಗಳೊಳಗಿಂದ ತೂರಿ ಬಂದು ಎದುರಿನ ಗೋಡೆಯ ಮೇಲೆ, ನನ್ನ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿ ಬೀಳುತ್ತಿತ್ತು. ನಾನು ಆ ಚುಕ್ಕಿಗಳನ್ನು ಹಿಡಿಯುವ ಆಟ ಆಡುತ್ತಿದ್ದೆ.

ಬೆಳಕು ಒಳಗೆ ಬರುತ್ತದೆಂದರೆ ಕಣ್ಣೂ ಬರಬಹುದು ಎಂಬುದು ತಿಳಿಯಲು ನಾನು ದೊಡ್ಡವಳಾಗಬೇಕಾಯಿತು. ಆ ಬಾಗಿಲು ತೆರೆಯುತ್ತಿದ್ದದ್ದು ವಖಾರಿಯ ಬಯಲಿಗೆ. ಹೊರಗೆ ಆಳುಗಳು ಹಲಗೆ ಒಟ್ಟುತ್ತಿದ್ದರು, ಗಿರಾಕಿಗಳು ತಿರುಗಾಡುತ್ತಿದ್ದರು. ಅವ್ವ ವಖಾರಿ ತೆರೆಯುವ ಮೊದಲೇ ಸ್ನಾನ ಮುಗಿಸುತ್ತಿದ್ದಳು. ನಾನು ಸಾಲಿಗೆ ಹೊರಡುವ ಹೊತ್ತಿಗೆ ಬಯಲಿನಲ್ಲಿ ಮಂದಿ ತುಂಬಿರುತ್ತಿದ್ದರು. ಒಂದು ದಿನ ಮೈಮೇಲೆ ನೀರು ಹೊಯ್ದುಕೊಳ್ಳುತ್ತಿದ್ದಾಗ ಗೋಡೆಯ ಮೇಲಿನ ಚುಕ್ಕಿಗಳಲ್ಲಿ ಕೆಲವು ಆರಿಹೋದವು, ಮತ್ತೆ ಹೊತ್ತಿಕೊಂಡವು. ಯಾರೋ ಬಾಗಿಲ ಮುಂದೆ ಹಾದಿದ್ದರು, ಅಥವಾ ನಿಂತಿದ್ದರು. ಆಮೇಲೆ ಒಂದು ನಗು ಕೇಳಿತು. ಅವರು ಬೇರೆ ಯಾವುದಕ್ಕೋ ನಕ್ಕಿರಬಹುದು. ಆದರೆ ನಾನು ತಂಬಿಗೆ ಕೆಳಗಿಟ್ಟು, ಒದ್ದೆ ಮೈಗೇ ಲಂಗ ಸುತ್ತಿಕೊಂಡು ಮೂಲೆಗೆ ಕೂತುಬಿಟ್ಟೆ. ಅಂದಿನಿಂದ ಲಂಗ ಎದೆಗೆ ಕಟ್ಟಿಕೊಂಡೇ ನೀರು ಹೊಯ್ದುಕೊಳ್ಳತೊಡಗಿದೆ. ನಮ್ಮದೇ ಮನೆಯಲ್ಲಿ, ಚಿಲಕ ಹಾಕಿದ ಬಾಗಿಲೊಳಗೆ, ಹೊಳೆಯಲ್ಲಿ ಮೀಯುವವರ ಹಾಗೆ.

ಅವ್ವ ಕಣಕ ನಾದಿದಾಗ ಒಂದು ಚೂರು ತೆಗೆದಿಟ್ಟು, ಸಣ್ಣ ಸಣ್ಣ ಗುಂಡು ಮಾಡಿ ತೂತುಗಳಿಗೆ ಮೆತ್ತಿದಳು. ಮಾರನೆಯ ದಿನ ಇರುವೆಗಳು ಸಾಲುಗಟ್ಟಿ ಬಂದು ಅದನ್ನು ತಿಂದು ಹೋದವು. ಬಟ್ಟೆ ಸಾಬೂನು ಮೆತ್ತಿದರೆ ಹಬೆಗೆ ಕರಗಿ ಇಳಿಯುತ್ತಿತ್ತು. ಕೊನೆಗೆ ಕಣಕಕ್ಕೆ ಅರಿಶಿಣ ಕಲಸಿ ಮೆತ್ತತೊಡಗಿದಳು. ಇರುವೆ ಬರುವುದು ನಿಂತಿತು, ಹುಳ ಮಾತ್ರ ಪಕ್ಕದಲ್ಲೇ ಹೊಸ ತೂತು ಕೊರೆಯಿತು. ದಿನಾ ಮುಂಜಾನೆ ರೊಟ್ಟಿಗಿಂತ ಮೊದಲು ಅವ್ವನಿಗೆ ಇದೇ ಕೆಲಸ. ಅಪ್ಪನಿಗೆ ಹೇಳಿದಾಗ ಅವನು ಕನ್ನಡಕದ ಮೇಲಿಂದ ನೋಡಿದ.

"ಮನ್ಯಾಗಿನ ಬಾಗಲಾ ಯಾರ ನೋಡ್ತಾರ?"

"ಬಾಗಲಾ ಅಲ್ರಿ ನೋಡೂದು, ಹುಡಿಗೀನ್ನ," ಅಂದಳು ಅವ್ವ.

"ಎಂಟ ದಿನಾ ತಡಿ. ಛಲೋ ಹಲಗಿ ಬಂದ ಕೂಡ್ಲೇ ಮಾಡಸ್ತೀನಿ."

ಛಲೋ ಹಲಗೆಗಳು ಬರುತ್ತಲೇ ಇದ್ದವು, ಹೋಗುತ್ತಲೇ ಇದ್ದವು. ಅಪ್ಪ ಸುಳ್ಳುಗಾರ ಅಲ್ಲ. ಹೇಳುವಾಗ ಅವನಿಗೆ ನಿಜವಾಗಿಯೂ ಮನಸ್ಸು ಇರುತ್ತಿತ್ತು. ಅಷ್ಟರಲ್ಲಿ ಗಿರಾಕಿಯೊಬ್ಬ ಬರುತ್ತಿದ್ದ.

ಆ ವರ್ಷ ನಾಗರ ಪಂಚಮಿಗೆ ಮಾಮಾ ಬಂದು ಅವ್ವನನ್ನೂ ನನ್ನನ್ನೂ ಅಕ್ಕಲಕೋಟಕ್ಕೆ ಕರೆದುಕೊಂಡು ಹೋದ. ಅವ್ವನ ಅಣ್ಣ, ದೊಡ್ಡ ದನಿಯ ಮನುಷ್ಯ, ಯಾತ್ರೆಗೆ ಬಂದವರಿಗೆ ಮನೆಯ ಎರಡು ಖೋಲಿಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಅವನ ಬಚ್ಚಲಿಗೆ ತಗಡಿನ ಬಾಗಿಲು. ಚಂದವೇನೂ ಇರಲಿಲ್ಲ, ತೆರೆದರೆ ಓಣಿಗೆಲ್ಲ ಕೇಳುವ ಹಾಗೆ ಕಿರುಗುಟ್ಟುತ್ತಿತ್ತು. ಆದರೆ ಒಂದು ತೂತಿರಲಿಲ್ಲ. ನಾನು ಲಂಗ ಬಿಚ್ಚಿ ಗೂಟಕ್ಕೆ ಹಾಕಿ, ಹಂಡೆ ಬರಿದಾಗುವ ತನಕ ನೀರು ಹೊಯ್ದುಕೊಂಡೆ. "ಏ ಶಕ್ಕೂ, ಯಾತ್ರಿ ಮಂದೀಗೂ ನೀರ ಬೇಕವಾ!" ಎಂದು ಮಾಮಾ ಹೊರಗಿನಿಂದ ಕೂಗಿದ. ಹೊರಗೆ ಬಂದ ನನ್ನ ಮುಖವನ್ನು ಅವ್ವ ನೋಡಿದಳು. ಆ ದಿನ ಪಂಚಮಿಯ ಜೋಕಾಲಿ ಆಡಲಿಲ್ಲ. ಮಾಮಾನ ಜೊತೆ ಅಡಿಗೆಮನೆಯಲ್ಲಿ ಬಹಳ ಹೊತ್ತು ಮಾತಾಡಿದಳು. ಮಾಮಾ ಮೊದಲು ಬೇಡ ಬೇಡ ಎಂದ, ಆಮೇಲೆ ನಗತೊಡಗಿದ.

ಸೊಲ್ಲಾಪುರಕ್ಕೆ ಮರಳಿದ ದಿನ ಎಸ್‌ಟಿ ಬಸ್ಸಿನಿಂದ ಇಳಿದು ಅವ್ವ ಮನೆಯ ದಾರಿ ಹಿಡಿಯಲಿಲ್ಲ. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಸರಿ ಮಾಡಿಕೊಂಡು, ಮುಂದುಗಡೆಯ ರಸ್ತೆಯಿಂದ, ಗಿರಾಕಿಗಳು ಬರುವ ಗೇಟಿನಿಂದ ಒಳಗೆ ಹೋದಳು. ಹಿಂದೆ ಮಾಮಾ, ಅವನ ಹಿಂದೆ ಚೀಲ ಹಿಡಿದ ನಾನು. ಅಪ್ಪ ಗಾದಿಯ ಮೇಲೆ ಇಬ್ಬರು ಗಿರಾಕಿಗಳ ಜೊತೆ ಚಹಾ ಕುಡಿಯುತ್ತಿದ್ದ.

"ನಮಸ್ಕಾರ್ರಿ ಶೇಠ್ರ," ಅಂದಳು ಅವ್ವ. "ಒಂದ ಬಾಗಲಾ ಬೇಕಾಗಿತ್ರಿ. ಬಚ್ಚಲದ್ದು."

ಅಪ್ಪನ ಕೈಯಲ್ಲಿಯ ಚಹಾದ ಬಶಿ ಅಲ್ಲೇ ನಿಂತಿತು. "ಇದೇನ ಹಚ್ಚೀದಿ? ಒಳಗ ನಡಿ," ಅಂದ, ಹಲ್ಲು ಕಚ್ಚಿ.

"ಗಿರಾಕಿ ಕೂಡ ಹಿಂಗ ಮಾತಾಡ್ತಾರೇನ್ರಿ? ನಿಮ್ಮ ವಖಾರಿ ಹೆಸರ ಕೇಳಿ ಅಕ್ಕಲಕೋಟದಿಂದ ಬಂದೀವಿ."

ಕೂತಿದ್ದ ಗಿರಾಕಿಗಳಲ್ಲಿ ಒಬ್ಬ ಜೋರಾಗಿ ನಕ್ಕ. "ದ್ಯಾ ಶೇಠ, ದ್ಯಾ! ಗಿರಾಯಿಕ ದೇವ ಅಸ್ತೊ," ಎಂದ ಮರಾಠಿಯಲ್ಲಿ, ಕೊಡ್ರಿ, ಗಿರಾಕಿ ಅಂದರೆ ದೇವರು ಎಂದು. ಅದು ಅಪ್ಪ ದಿನಕ್ಕೆ ನೂರು ಸಲ ಹೇಳುತ್ತಿದ್ದ ಮಾತೇ. ಅವನ ಮುಖ ಕೆಂಪಾಯಿತು. ಆಮೇಲೆ ಏನಾಯಿತೋ, ಬಶಿ ಕೆಳಗಿಟ್ಟು ಎದ್ದ, ಚಪ್ಪಲಿ ಮೆಟ್ಟಿದ. "ಬರ್ರಿ," ಅಂದ.

ಅಪ್ಪ ಅವ್ವನಿಗೆ ಬರ್ರಿ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಲಗೆಗಳ ಒಟ್ಟಿಲಿನ ನಡುವೆ ಅವಳನ್ನು ಕರೆದುಕೊಂಡು ಹೋಗಿ, ಒಂದೊಂದನ್ನೇ ಬಡಿದು ತೋರಿಸಿದ. "ಇದು ಬಲ್ಲಾರಶಾ ಸಾಗವಾನಿ ಮಾಲು ನೋಡ್ರಿ. ಇಲ್ಲಿ ಕೈ ಆಡಸ್ರಿ. ಅಂಚಿಗೆ ಬಿಳಿ ಐತಲ್ಲ, ಹುಳ ಹತ್ತೂದು ಅದಕ್ಕ. ಅದನ್ನ ಕೊಯ್ದ ತಗದು ನಡುವಿಂದು ಅಷ್ಟ ಹಾಕೂಣು." ಅವನ ದನಿಯಲ್ಲಿ ಎಂಥ ಸೌಮ್ಯತೆ, ಎಂಥ ತಾಳ್ಮೆ! ಅವ್ವ ಪ್ರಶ್ನೆ ಕೇಳಿದಳು, ಅವನು ಉತ್ತರ ಕೊಟ್ಟ. ಅವ್ವ ಒಂದು ಹಲಗೆಯನ್ನು ಬೇಡವೆಂದಳು, ಅವನು ಇನ್ನೊಂದು ತೆಗೆಸಿದ. ನಾಟಕ ಎಂದು ಶುರುವಾದದ್ದು ನಡುವೆ ಎಲ್ಲೋ ನಾಟಕವಾಗಿ ಉಳಿದಿರಲಿಲ್ಲ. ಅವ್ವನ ಮುಖ ಅಷ್ಟು ಅರಳಿದ್ದನ್ನು ನಾನು ಆಮೇಲೆ ನನ್ನ ಮದುವೆಯಲ್ಲೂ ನೋಡಲಿಲ್ಲ. ಈ ಮನುಷ್ಯ ಇಷ್ಟು ಒಳ್ಳೆಯವನಾಗಿದ್ದರೆ ಅದರಲ್ಲಿ ಒಂದು ಪಾಲು ಒಳಗೆ ಯಾಕೆ ತರುವುದಿಲ್ಲ ಎಂದು ನನಗೆ ಅಳು ಬಂದಂತಾಯಿತು.

ಬಾಗಿಲು ಆಯಿತು. ವಖಾರಿಯ ಬಡಿಗೇರ ಮೋನಪ್ಪ ಹೊಸ ಬಿಜಾಗ್ರಿ ಹಚ್ಚಿ ಕೂಡಿಸಿಕೊಟ್ಟ. ಒಳಗೆ ಹೋಗಿ ಚಿಲಕ ಹಾಕಿದರೆ ಕತ್ತಲೆಂದರೆ ಕತ್ತಲೆ, ಗೋಡೆಯ ಮೇಲೆ ಒಂದು ಚುಕ್ಕಿ ಇಲ್ಲ. ಅವ್ವ ಬಲ್ಬು ಹಾಕಿಸಿದಳು. ಬಾಗಿಲಿನ ಮೇಲೆ ನದಿ ಇಲ್ಲ, ಊರಿಲ್ಲ, ಬರೀ ಮರದ ಸ್ವಂತ ಗೆರೆಗಳು, ಸಾಗವಾನಿಯ ಎಣ್ಣೆಯ ವಾಸನೆ. ನಾನು ಲಂಗ ಗೂಟಕ್ಕೆ ಹಾಕಿದೆ. ಆ ದಿನಗಳಲ್ಲಿ ನಾನು ಬಚ್ಚಲಿನಲ್ಲಿ ಹಾಡು ಹೇಳುತ್ತಿದ್ದೆನೆಂದು ಅವ್ವ ಈಗಲೂ ಹೇಳುತ್ತಾಳೆ.

ತುಳಸಿ ಲಗ್ನ ಮುಗಿದು ಮದುವೆ, ವಾಸ್ತುಶಾಂತಿಗಳ ಗದ್ದಲ ಶುರುವಾಯಿತು. ನಾಗಣಸೂರಿನಿಂದ ಹಳೆಯ ಗಿರಾಕಿಯೊಬ್ಬರು ಬಂದರು. ಮರುದಿನ ಹೊಸ ಮನೆಯ ವಾಸ್ತು, ಅಡಿಗೆಮನೆಗೆ ಬಾಗಿಲು ಮಾಡಿಕೊಡಬೇಕಾದವನು ಕೈಕೊಟ್ಟಿದ್ದ. ಸಿದ್ಧ ಬಾಗಿಲು ವಖಾರಿಯಲ್ಲಿ ಇರಲಿಲ್ಲ. ಬಿಸಿಲಲ್ಲಿ ಬಂದವರು ಕೈಕಾಲು ತೊಳೆಯಲು ಹಿಂದೆ ಬಂದರು. ನಾನು ಸಾಲಿಯಲ್ಲಿದ್ದೆ, ಮುಂದಿನದನ್ನು ಅವ್ವ ಹೇಳಿದಳು. ಅವರು ನಮ್ಮ ಬಾಗಿಲನ್ನು ಬಡಿದು ನೋಡಿ ಅಂದರಂತೆ:

"ಶೇಠ್ರ, ಬಚ್ಚಲಕ್ಕ ಇಂಥಾ ಬಾಗಲಾ? ಇದೇನ ದೇವರ ಗುಡಿ ಏನ್ರಿ? ನಮ್ಮ ಮನಿ ಹಾಲ ಉಕ್ಕಸೂ ಜಾಗಾಕ್ಕ ಬಾಗಲಾ ಇಲ್ಲ ನೋಡ್ರಿ."

ಅಪ್ಪನಿಗೆ ನಾಚಿಕೆಯಾಯಿತಂತೆ. ನಾಚಿಕೆ! ಮಗಳ ಬಚ್ಚಲಿಗೆ ಗಟ್ಟಿ ಬಾಗಿಲು ಇದೆಯೆಂದು! ಮೋನಪ್ಪನನ್ನು ಕರೆದು ಬಿಜಾಗ್ರಿ ಬಿಚ್ಚಿಸಿ ಗಾಡಿಗೆ ಹೇರಿಸಿಯೇಬಿಟ್ಟ. ನಾನು ಬಂದು ನೋಡಿದರೆ ಹಿತ್ತಿಲಿನಲ್ಲಿ ಎಸೆದಿದ್ದ ಹಳೆಯ ಬಾಗಿಲು ಮತ್ತೆ ತನ್ನ ಜಾಗದಲ್ಲಿ ನಿಂತಿತ್ತು, ಹಳೆಯ ಅರಿಶಿಣದ ಗುಂಡುಗಳ ಸಮೇತ. ಹಿತ್ತಿಲಿನಲ್ಲಿ ಬಿದ್ದಾಗ ಅದಕ್ಕೆ ಇನ್ನಷ್ಟು ತೂತು ಬಿದ್ದಿದ್ದವು. ನನಗೆ ಏನು ಮಾಡುತ್ತಿದ್ದೇನೆಂದು ಗೊತ್ತಾಗಲಿಲ್ಲ. ಹಿತ್ತಾಳೆಯ ಕೊಡ ಎತ್ತಿ ಬಾಗಿಲಿಗೆ ಅಪ್ಪಳಿಸಿದೆ. ಮೂಲೆಯ ಒಂದು ತುಂಡು ಹಪ್ಪಳದಂತೆ ಮುರಿದು ಬಿತ್ತು, ಒಳಗಿನಿಂದ ಹಿಟ್ಟು ಸುರಿಯಿತು. ಸದ್ದಿಗೆ ಅಪ್ಪ ಓಡಿ ಬಂದ. ಬಾಗಿ ಆ ತುಂಡನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ.

"ಒಳಗ ಹ್ಯಾಂಗ ಕೊರದಾವ ನೋಡ," ಅಂದ. "ಎಂಥಾ ನಕ್ಷಿ!"

ನನ್ನ ಕಡೆ ನೋಡಲಿಲ್ಲ. ಅವನು ನನ್ನನ್ನು ಬೈದಿದ್ದರೂ ಚೆನ್ನಾಗಿರುತ್ತಿತ್ತು, ತಿರುಗಿ ಬೈಯಬಹುದಿತ್ತು. "ಎಂಟ ದಿನಾ ತಡಿ, ಇದಕ್ಕಿಂತ ಛಲೋದ ಮಾಡಸ್ತೀನಿ," ಎಂದು ತುಂಡನ್ನು ಕಿಡಕಿಯ ಮೇಲಿಟ್ಟು ಹೋದ. ಅವ್ವ ಒಳಗೆ ಕಣಕ ನಾದುತ್ತಿದ್ದಳು. ಅದರಲ್ಲಿ ಒಂದು ಚೂರು ಹರಿದು ಪಕ್ಕಕ್ಕಿಟ್ಟಳು. ಅದನ್ನು ಕಂಡು ನನಗೆ ಅಪ್ಪನಿಗಿಂತ ಅವಳ ಮೇಲೆ ಹೆಚ್ಚು ಸಿಟ್ಟು ಬಂತು. ಇನ್ನೊಮ್ಮೆ ಗಿರಾಕಿಯಾಗಿ ಹೋಗು ಎಂದು ಎಷ್ಟೋ ಸಲ ಕೇಳಿಕೊಂಡೆ. "ಒಂದ ಸಲಾ ನಡೀತೈತವಾ ಅದು," ಎಂದಳು. ವಾಸ್ತುವಿನ ಹೋಳಿಗೆ ನಾಗಣಸೂರಿನಿಂದ ಡಬ್ಬಿ ತುಂಬಾ ಬಂತು. ನಾನು ಮುಟ್ಟಲಿಲ್ಲ. ಅಪ್ಪನಂಥ ದೇವರಂಥ ಮನುಷ್ಯ ಸೊಲ್ಲಾಪುರದಲ್ಲಿಲ್ಲ ಎಂದು ಆ ಊರೆಲ್ಲ ಹೇಳಿತಂತೆ, ಈಗಲೂ ಹೇಳುವವರಿದ್ದಾರೆ. ಆ ಎಂಟು ದಿನ ನನ್ನ ಮದುವೆಯ ತನಕ ಮುಗಿಯಲಿಲ್ಲ. ಗಂಡನ ಮನೆಗೆ ಹೋಗುವ ಮುಂಜಾನೆಯೂ ನಾನು ಲಂಗ ಎದೆಗೆ ಕಟ್ಟಿಕೊಂಡೇ ಮಿಂದೆ.

ಅಪ್ಪ ಹೋಗಿ ಬಹಳ ಕಾಲವಾಯಿತು. ವಖಾರಿಯಿದ್ದಲ್ಲಿ ಮೊಬೈಲ್ ಅಂಗಡಿಗಳ ಸಾಲು ಎದ್ದಿದೆ. ಅವ್ವ ನನ್ನ ಹತ್ತಿರ ಇದ್ದಾಳೆ. ಈ ಫ್ಲ್ಯಾಟಿನ ಬಚ್ಚಲಿಗೆ ಬಾಗಿಲು ಕೂಡಿಸಿದ ದಿನ ಅವಳು ಅದನ್ನು ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ ಕೇಳಿದಳು, ಥೇಟ್ ಅಪ್ಪನ ಹಾಗೆ. ಮೇಲಿನಿಂದ ಕೆಳಗಿನ ತನಕ ಅಂಗೈ ಆಡಿಸಿದಳು. "ಗಟ್ಟಿ ಐತಿ," ಅಂದಳು. ಒಳಗೆ ಹೋಗಿ ಬಹಳ ಹೊತ್ತು ನೀರು ಹೊಯ್ದುಕೊಂಡಳು. ಅಷ್ಟು ವರ್ಷಗಳ ಉರಿ ಅಂದು ಆರಿತೆಂದು ನಾನು ತಿಳಿದಿದ್ದೆ.

ಹೋದ ವಾರ ಗಂಡನ ಕಚೇರಿಯವರು ಊಟಕ್ಕೆ ಬಂದಿದ್ದರು. ಅವರು ಹೋದಮೇಲೆ ನೋಡಿದರೆ ಬಚ್ಚಲ ಬಾಗಿಲಿನ ಮೇಲೆ ಅವ್ವನ ಹಳೆಯ ಸೀರೆ ತೂಗುಬಿದ್ದಿತ್ತು, ಮೇಲಿನ ಅಂಚಿನಿಂದ ನೆಲದ ತನಕ, ಒಂದಿಂಚು ಮರ ಕಾಣದ ಹಾಗೆ. ಒಣಗಲು ಹಾಕಿದ್ದಾಳೆಂದು ಮುಟ್ಟಿದೆ. ಒಣಗಿಯೇ ಇತ್ತು.

"ಇದನ್ನ್ಯಾಕ ಇಲ್ಲಿ ಹಾಕೀಯವ್ವಾ?"

"ಮಂದಿ ಬಂದಿದ್ರಲ್ಲ," ಅಂದಳು, ಮೆಲ್ಲಗೆ. "ಯಾರರ ನೋಡಿ ಕೇಳಿದ್ರ?"

"ಯಾರ ಕೇಳ್ತಾರ? ಕೇಳಿದ್ರ ಯಾರ ಕೊಡ್ತಾರ? ನನ್ನ ಮನಿ ಇದು, ನನ್ನ ಬಾಗಲಾ!" ನಾನು ಕಿರುಚಿಬಿಟ್ಟೆ. ಆ ಕಿರುಚು ಕೇಳಿಸಿಕೊಳ್ಳಬೇಕಾದ ಅಪ್ಪ ಈಗ ಇರಲಿಲ್ಲ.

ಅವ್ವ ಬಾಗಿಲ ಹತ್ತಿರ ಹೋದಳು. ಸೀರೆಯನ್ನು ತೆಗೆದು, ಅಂಚಿಗೆ ಅಂಚು ಕೂಡಿಸಿ ಮಡಿಚಿದಳು. ಮಡಿಚಿ, ಮುಂದಿನ ಸಲ ಬೇಗ ಕೈಗೆ ಸಿಗಲೆಂದು, ಬಾಗಿಲ ಪಕ್ಕದ ಗೂಟಕ್ಕೇ ಹಾಕಿದಳು.